ಬ್ರೇಕ್ ಹಿಡೀಲಿಲ್ಲ

ಅತ್ತೆಯ ಬಲಗೈಗೆ ಪ್ಲಾಸ್ಟರ್ ಬಿದ್ದ ದಿನದಿಂದ ಅವರಿಗೆ ಉಣ್ಣಿಸುವ ಕೆಲಸ ಸೊಸೆಯದಾಗಿತ್ತು. ಎಡಗೈಯಲ್ಲಿ ಚಮಚ ಹಿಡಿದು ನೋಡಿದ್ದರು. ಅನ್ನ ಬಾಯಿಗೆ ಹೋದದ್ದಕ್ಕಿಂತ ಮಡಿಲಿಗೆ ಬಿದ್ದದ್ದೇ ಹೆಚ್ಚು. ಹಾಗಾಗಿ ಬೆಳಗಿನ ಗಂಜಿ, ಮಧ್ಯಾಹ್ನದ ಅನ್ನ, ಸಂಜೆಯ ಬೇಯಿಸಿದ ಮೊಟ್ಟೆ ಎಲ್ಲವೂ ಸೊಸೆಯ ಕೈಯಿಂದಲೇ. ಅವಳು ಕೋಳಿಗಳಿಗೆ ಕಾಳು ಹಾಕಿ, ಗೂಡು ಗುಡಿಸಿ, ಮೊಟ್ಟೆಗಳನ್ನು ಒಂದೊಂದಾಗಿ ಒರೆಸಿ ಟ್ರೇಗಳಲ್ಲಿ ಜೋಡಿಸಿ, ಕೈ ತೊಳೆದು ಬಂದು ಅತ್ತೆಯ ಮಂಚದ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಅತ್ತೆ ಬಾಯಿ ತೆರೆಯುತ್ತಿದ್ದರು. ಅನ್ನಕ್ಕೂ ತೆರೆಯುತ್ತಿದ್ದರು, ಮಾತಿಗೂ ತೆರೆಯುತ್ತಿದ್ದರು.

ಅವತ್ತು ನೋಡಲು ಬಂದವಳು ಓಣಿಯಲ್ಲಿ ಹಾಲು ಹಾಕುವವಳು. ಕ್ಯಾನನ್ನು ಹೊರಗಿಟ್ಟು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು, ಹೇಗಾಯಿತಕ್ಕ ಎಂದು ಕೇಳಿದಳು. ಕೇಳುವುದೊಂದೇ ಬಾಕಿ ಇತ್ತು. ಅತ್ತೆ ಇಟ್ಟಿಗೆ ಗೂಡಿನ ಇಳಿಜಾರಿನಿಂದ ಶುರು ಮಾಡಿದರು. ಕಣ್ಣು ತೋರಿಸಿಕೊಂಡು ಬರೋಣ ಎಂದು, ಪೇಟೆಗೆ ಮೊಟ್ಟೆ ಒಯ್ಯುತ್ತಿದ್ದ ಸೊಸೆಯ ಬೈಕಿನ ಹಿಂದೆ ಕೂತದ್ದು, ಇವಳು ಬುರ್ರೆಂದು ಬಿಟ್ಟದ್ದು, ತಿರುವಿನಲ್ಲಿ ಆಡಿನ ಹಿಂಡು ಅಡ್ಡ ಬಂದದ್ದು. ಚಮಚ ಬಾಯಿಗೆ ಬಂದಾಗ ಕತೆ ನಿಲ್ಲುತ್ತಿತ್ತು. ಅನ್ನ ನುಂಗಿದೊಡನೆ ನಿಂತಲ್ಲಿಂದಲೇ ಮತ್ತೆ ಹೊರಡುತ್ತಿತ್ತು.

"ಮೊದಲು ಒಂದೇ ಆಡು ಇತ್ತಲ್ಲ ಅಜ್ಜಿ," ಎಂದಳು ಮೂಲೆಯಲ್ಲಿ ಶಾಲೆಯ ಲೆಕ್ಕ ಮಾಡುತ್ತಿದ್ದ ಮೊಮ್ಮಗಳು.

"ನೀನು ನಿನ್ನ ಲೆಕ್ಕ ನೋಡ್ಕೋ," ಎಂದು ಅತ್ತೆ ಹಾಲಿನವಳ ಕಡೆ ತಿರುಗಿದರು. "ಬೇರೆಯವರು ಹೇಳಿದ್ರೆ ನಾನೂ ನಂಬ್ತಿರಲಿಲ್ಲ. ಚರಂಡೀಲಿ ಬಿದ್ದ ಹಾಗೇ ಇವಳೇ ಬಾಯಿಬಿಟ್ಟು ಹೇಳಿದ್ಲು. ಬ್ರೇಕ್ ಹಿಡೀಲಿಲ್ಲ ಅತ್ತೆ, ಬ್ರೇಕ್ ಹಿಡೀಲಿಲ್ಲ, ಅಂತ."

ಹಾಲಿನವಳು ಸೊಸೆಯ ಮುಖ ನೋಡಿದಳು. "ಯಾಕಮ್ಮ ಹಿಡೀಲಿಲ್ಲ? ಗಾಬರಿ ಆಯ್ತಾ?"

"ನಾನು ಹಿಡ್ದೆ," ಎಂದಳು ಸೊಸೆ. "ಬ್ರೇಕು ಹಿಡೀಲಿಲ್ಲ."

"ನೋಡಿದ್ಯಾ," ಎಂದರು ಅತ್ತೆ. "ಅವತ್ತೊಂದು, ಇವತ್ತೊಂದು." ಹೇಳಿ, ಮುಂದಿನ ತುತ್ತಿಗೆ ಬಾಯಿ ತೆರೆದರು. ಸೊಸೆ ತುತ್ತು ಇಟ್ಟಳು.

ಹಿಡೀಲಿಲ್ಲ ಎಂಬ ಮಾತಿಗೆ ಮುಖವಿಲ್ಲ. ನಾನು ಹಿಡೀಲಿಲ್ಲ, ಅವಳು ಹಿಡೀಲಿಲ್ಲ, ಅದು ಹಿಡೀಲಿಲ್ಲ, ಎಲ್ಲದಕ್ಕೂ ಒಂದೇ ಮಾತು. ಮುಂದೆ ಯಾರನ್ನು ತಂದು ನಿಲ್ಲಿಸುತ್ತೀರೋ ತಪ್ಪು ಅವರದು. ಒಡೆದ ಮೊಟ್ಟೆಗಳ ಲೋಳೆಯಲ್ಲಿ ಕೂದಲು ಅಂಟಿಕೊಂಡು, ಮೇಲೆ ಗಾಡಿ, ಪಕ್ಕದಲ್ಲಿ ಕೈ ಹಿಡಿದುಕೊಂಡು ನರಳುವ ಅತ್ತೆ, ಹೀಗೆ ಬಿದ್ದವಳಿಗೆ 'ಅದು' ಎಂಬ ಎರಡಕ್ಷರ ಸೇರಿಸುವಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಅವಳು ಬಾಯಿಗೆ ಬಂದದ್ದನ್ನು ಹೇಳಿದಳು. ಅತ್ತೆ ಕಿವಿಗೆ ಬಿದ್ದದ್ದನ್ನು ಇಟ್ಟುಕೊಂಡರು.

ನಡೆದದ್ದು ಸೊಸೆಯ ಬೆರಳುಗಳಿಗೆ ಇನ್ನೂ ನೆನಪಿತ್ತು. ಇಳಿಜಾರಿನ ಮೇಲ್ಗಡೆ ಲಿವರ್ ಎಂದಿನಂತೆ ಗಟ್ಟಿಯಾಗಿತ್ತು. ಅರ್ಧ ಇಳಿಯುವಷ್ಟರಲ್ಲಿ ಮೆತ್ತಗಾಯಿತು. ತಿರುವಿನಲ್ಲಿ ಆಡು ಕಂಡಾಗ ಪೂರ್ತಿ ಅದುಮಿದಳು. ಲಿವರ್ ಹ್ಯಾಂಡಲ್ಲಿಗೆ ತಾಗುವವರೆಗೂ ಬಂತು, ಗಾಡಿ ಮಾತ್ರ ಕೇಳಿಸಿಕೊಳ್ಳಲಿಲ್ಲ. ಕಾಲಿನ ಬ್ರೇಕು ತುಳಿದಳು. ಹಿಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು. ಆಡು ಬದುಕಿಕೊಂಡಿತು.

ಸುದ್ದಿ ತಿಳಿದು ಓಡಿ ಬಂದ ಮಾವ ಮೊದಲು ಹೆಂಡತಿಯನ್ನು ಆಟೋದಲ್ಲಿ ಕೂರಿಸಿ ಕಳಿಸಿದರು. ಆಮೇಲೆ ಗಾಡಿ ಎತ್ತಿ ನಿಲ್ಲಿಸಿ, ಮುಂದಿನ ಬ್ರೇಕು ಅದುಮಿ ನೂಕಿ ನೋಡಿದರು. ಅಷ್ಟು ಹೊತ್ತಿಗೆ ಅದು ತಣ್ಣಗಾಗಿತ್ತು. ಕಲ್ಲು ಹಿಡಿದಂತೆ ಹಿಡಿಯಿತು. ಮಾವ ಜೀವಮಾನವೆಲ್ಲ ಬಸ್ಸು ಓಡಿಸಿದವರು. ಅವರ ಮಾತಿಗೆ ಓಣಿಯಲ್ಲಿ ಎದುರಿಲ್ಲ. ಸೊಸೆಯನ್ನು ಬೈಯಲಿಲ್ಲ. ಜನರ ಮುಂದೆ ಕೈ ಒರೆಸಿಕೊಳ್ಳುತ್ತ, ಬ್ರೇಕ್ ಇಲ್ಲದ ಗಾಡಿ ನಾನು ನೋಡಿಲ್ಲ, ಬ್ರೇಕ್ ಮರೆತ ಡ್ರೈವರುಗಳನ್ನ ಬೇಕಾದಷ್ಟು ನೋಡಿದೀನಿ, ಎಂದರು. ಜನ ನಕ್ಕರು. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಆ ನಗೆ ಓಣಿಯ ತುಂಬ ಓಡಾಡಿತು.

ಗಂಡ ಬಡಗಿ. ಮಾತು ಕಡಿಮೆ, ಅಳತೆ ಜಾಸ್ತಿ. ಅವನು ಗಾಡಿಯ ಕೀಲಿಯನ್ನು ಉಳಿಗಳ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದ. ಸೊಟ್ಟಗಾದ ಹ್ಯಾಂಡಲ್ಲಿನ ಗಾಡಿ ಹಿತ್ತಲಿನ ತಗಡಿನ ಕೆಳಗೆ ನಿಂತಿತು. ಕೋಳಿಗಳು ಅದನ್ನು ತಮ್ಮದೆಂದೇ ತಿಳಿದವು. ಹ್ಯಾಂಡಲ್ಲಿನ ಮೇಲೊಂದು, ಸೀಟಿನ ಮೇಲೆರಡು, ಟ್ಯಾಂಕಿನ ಮೇಲೆ ಹುಂಜ. ಸೀಟಿನ ಕಪ್ಪು ಬಣ್ಣ ಬೆಳ್ಳಗಾಗುತ್ತ ಬಂತು.

ಮೊಟ್ಟೆ ಮಾರುವುದು ನಿಲ್ಲಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ. ಅವಳು ಟ್ರೇಗಳನ್ನು ಹಗ್ಗದಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪೇಟೆಗೆ ಹೋಗತೊಡಗಿದಳು. ಬಸ್ಸು ಕುಲುಕಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದಳು. ಪಕ್ಕದ ಸೀಟಿನವರು, ಮೊಟ್ಟೆಯವಳೇ, ಸ್ವಲ್ಪ ಅತ್ತ ಸರಿ, ಮೈಮೇಲೆ ಬಿದ್ದೀತು, ಎನ್ನುತ್ತಿದ್ದರು. ಬೇಕರಿಯವನು ತಡವಾಯಿತೆಂದು ಬೇರೆ ಕಡೆಯಿಂದಲೂ ಮೊಟ್ಟೆ ತರಿಸಲು ಶುರು ಮಾಡಿದ್ದ. ಮನೆಗೆ ಬಂದರೆ ಮಾವ ಚಹಾ ಕುಡಿಯುತ್ತ, ಆ ಗಾಡಿ ಮಾರಿಬಿಡೋದೇ ಒಳ್ಳೇದು, ಹೆಣ್ಣುಮಕ್ಕಳಿಗೆ ಸೈಕಲ್ಲು ಸಾಕು, ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು.

ಸುದ್ದಿ ಸಿಕ್ಕಿದ್ದು ಆ ಬೇಕರಿಯ ಹಿಂಬಾಗಿಲಲ್ಲಿಯೇ. ಊರೂರಿಗೆ ಬ್ರೆಡ್ಡು ಹಾಕುವವನ ಗಾಡಿಯೂ ಇವಳದೇ ತರಹದ್ದು, ಅದೇ ಬಣ್ಣ. ಅವತ್ತು ಅವನು ಸೈಕಲ್ಲಿಗೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟುತ್ತಿದ್ದ. ಗಾಡಿ ಎಲ್ಲಿ ಎಂದು ಕೇಳಿದಳು.

"ಕಂಪನಿಯವರು ವಾಪಸ್ ಕರೆಸ್ಕೊಂಡಿದಾರಲ್ಲಮ್ಮ. ನಿನ್ನದಕ್ಕೆ ಬಂದಿಲ್ವಾ? ಮುಂದಿನ ಬ್ರೇಕಲ್ಲಿ ಒಂದು ರಬ್ಬರು ಸರಿಯಿಲ್ಲವಂತೆ. ಬಿಸಿಯಾದ್ರೆ ಕೈ ಕೊಡುತ್ತಂತೆ. ತಣ್ಣಗಾದ್ರೆ ಮತ್ತೆ ಸರಿ. ಪಕ್ಕಾ ಕಳ್ಳ."

ಅವಳು ಕೈಯಲ್ಲಿದ್ದ ಟ್ರೇಯನ್ನು ಮೆಲ್ಲಗೆ ಕೆಳಗಿಟ್ಟಳು. "ಯಾವಾಗ ಗೊತ್ತಾಯ್ತು ನಿಂಗೆ?"

"ಮೆಸೇಜು ಬಂದು ಬಹಳ ದಿನ ಆಯ್ತು. ಎಲ್ಲರಿಗೂ ಬಂದಿದೆ."

ಅವಳು ಹಣ ಎಣಿಸಿಕೊಳ್ಳದೆ ಬಸ್ಸು ಹತ್ತಿದಳು.

ಆ ಸಂಜೆ ಎಲ್ಲರೂ ಉಣ್ಣಲು ಕೂತಾಗ ಅವಳು ಬಡಿಸಲಿಲ್ಲ. ಪಾತ್ರೆಯನ್ನು ನಡುವೆ ಇಟ್ಟು, ಸೌಟನ್ನು ಅದರೊಳಗೇ ಬಿಟ್ಟು, ಗಂಡನ ಎದುರು ಕೂತಳು.

"ರೀ, ಗಾಡಿ ಕಂಪನಿಯಿಂದ ನಿಮ್ಮ ಫೋನಿಗೆ ಮೆಸೇಜು ಬಂದಿತ್ತಾ?"

ಗಾಡಿ ಅವನ ಹೆಸರಿನಲ್ಲಿತ್ತು. ಅವನು ತಲೆ ಕೆರೆದುಕೊಂಡ. "ಏನೋ ಬಂದಿತ್ತು. ಮಾನ್ಯ ಗ್ರಾಹಕರೇ, ನಿಮ್ಮ ಹೆಚ್ಚಿನ ತೃಪ್ತಿಗಾಗಿ, ಅಂತ ಇತ್ತು. ಉಚಿತ ಅಂತಾನೂ ಇತ್ತು. ಉಚಿತ ಅಂದ್ಮೇಲೆ ಏನೋ ಮಾರೋಕೆ ಬಂದಿದಾರೆ ಅಂತ ಅಳಿಸಿ ಹಾಕ್ದೆ."

"ಯಾವತ್ತು? ನಾವು ಬೀಳೋದಕ್ಕೆ ಮುಂಚೇನಾ, ಆಮೇಲಾ?"

ಅವನು ಯೋಚಿಸಿದ. ಅವನು ಸುಳ್ಳು ಹೇಳುವ ಜಾತಿಯವನಲ್ಲ. "ಮುಂಚೆ," ಎಂದ.

ಅವಳು ಬ್ರೆಡ್ಡಿನವನು ಹೇಳಿದ್ದನ್ನೆಲ್ಲ ಹೇಳಿದಳು, ಬಿಸಿಯಾದರೆ ಮೆತ್ತಗಾಗುವುದು, ತಣ್ಣಗಾದರೆ ಗಟ್ಟಿಯಾಗುವುದು. ಹೇಳುತ್ತ ಮಾವನನ್ನೇ ನೋಡಿದಳು. ಮಾವ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದರು. ಕೊನೆಗೆ, ಅಷ್ಟು ದೊಡ್ಡ ಕಂಪನಿ, ಲಕ್ಷಾಂತರ ಗಾಡಿ ಮಾಡ್ತಾರೆ, ಎಲ್ಲೋ ಒಂದೆರಡರಲ್ಲಿ ಇರಬಹುದು, ನಮ್ಮದರಲ್ಲೇ ಇತ್ತು ಅಂತ ಹೇಗೆ ಹೇಳೋದು, ಎಂದರು. ನಾನು ಹಿಡಿದು ನೋಡಿದೀನಲ್ಲ, ಎಂದೂ ಸೇರಿಸಿದರು.

"ಅಮ್ಮ ಹೇಳಿದ್ದು ಸರಿ ಇತ್ತು ಅಂತಾಯ್ತಲ್ಲ," ಎಂದಳು ಮಗಳು.

"ಸರಿ ಇದ್ರೆ ಕಂಪನಿಯವರೇ ಹೇಳಲಿ. ಅಲ್ಲೀವರೆಗೆ ನನ್ನ ಕಿವೀನ ನಾನು ನಂಬ್ತೀನಿ," ಎಂದರು ಅತ್ತೆ. "ಈಗ ಅನ್ನ ಹಾಕ್ತೀಯೋ, ಇಲ್ಲ ಇದೂ ಕಂಪನಿಯಿಂದ ಬರಬೇಕೋ?"

ಸೊಸೆ ಬಡಿಸಿದಳು. ಅತ್ತೆಗೆ ಉಣ್ಣಿಸಿದಳು ಕೂಡ. ಆದರೆ ಪಾತ್ರೆ ತೊಳೆಯುವ ಮುಂಚೆ ಗಂಡನ ಉಳಿಗಳ ಪೆಟ್ಟಿಗೆಯ ಎದುರು ಹೋಗಿ ನಿಂತು, ತೆಗೀರಿ, ಎಂದಳು. ಅವನು ತೆಗೆದ. ಕೀಲಿ ಅವಳ ಸೊಂಟಕ್ಕೆ ಸೇರಿತು.

ಗಾಡಿಯನ್ನು ತರಕಾರಿ ವ್ಯಾನಿಗೆ ಹೇರಿ ಶೋರೂಮಿಗೆ ಒಯ್ಯುವುದೆಂದು ನಿಶ್ಚಯವಾಯಿತು. ಗಾಡಿ ತನ್ನ ಹೆಸರಿನಲ್ಲಿದ್ದುದರಿಂದ ಗಂಡ ತನ್ನ ಫೋನನ್ನು ಅವಳ ಕೈಗೆ ಕೊಟ್ಟ. ಹೊರಡುವ ಹೊತ್ತಿಗೆ ಮಾವ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತರು. ನಿನಗೆ ಅವರ ಹತ್ತಿರ ಮಾತಾಡೋಕೆ ಬರಲ್ಲ, ನಾನು ಮಾತಾಡ್ತೀನಿ, ನೀನು ಸುಮ್ಮನಿರು, ಎಂದರು. ಅವಳು ಹಿಂದೆ ಗಾಡಿಯ ಜೊತೆ, ಈರುಳ್ಳಿ ಸಿಪ್ಪೆಗಳ ನಡುವೆ ಕೂತಳು. ಸೀಟನ್ನು ಎಷ್ಟು ತಿಕ್ಕಿದರೂ ಕೋಳಿಗಳ ಗುರುತು ಪೂರ್ತಿ ಹೋಗಿರಲಿಲ್ಲ.

ಶೋರೂಮಿನ ಮುಂಭಾಗವೆಲ್ಲ ಗಾಜು. ಒಳಗೆ ಹೊಸ ಗಾಡಿಗಳು ತಣ್ಣನೆಯ ಗಾಳಿಯಲ್ಲಿ ಹೊಳೆಯುತ್ತಿದ್ದವು. ವಾಪಸ್ ಕರೆಸಿಕೊಂಡ ಗಾಡಿಗಳಿಗೆ ಆ ಬಾಗಿಲಿಲ್ಲ; ಕಟ್ಟಡವನ್ನು ಸುತ್ತಿ, ಎಣ್ಣೆ ಜಿಡ್ಡಿನ ಅಂಗಳಕ್ಕೆ ಹೋಗಬೇಕು. ಅಲ್ಲಿ ಬಿಸಿಲಿನಲ್ಲಿ ಸಾಲು ನಿಂತಿತ್ತು. ಬ್ರೆಡ್ಡಿನವನಿದ್ದ. ಔಷಧಿ ಅಂಗಡಿಯವನೊಬ್ಬ, ನಾನು ಗೋಡೆಗೆ ಗುದ್ದಿದಾಗ ನಮ್ಮಪ್ಪ ನೀನೇ ಕುಡಿದಿದ್ದೆ ಅಂದ್ರು, ಎಂದು ನಗುತ್ತ ಹೇಳಿದ. ಮೇಷ್ಟ್ರೊಬ್ಬರು ತಾವು ಎರಡು ಸಲ ದೂರು ಕೊಟ್ಟದ್ದನ್ನೂ, ಎರಡು ಸಲವೂ ಶೋರೂಮಿನವರು ಹಿಡಿದು ನೋಡಿ ಸರಿಯಾಗಿದೆ ಎಂದು ಕಳಿಸಿದ್ದನ್ನೂ ಹೇಳಿದರು. ಅಷ್ಟೂ ಮನೆಗಳಲ್ಲಿ ಅಷ್ಟೂ ದಿನ ಬೈಗುಳ ತಿಂದವರು ಅಲ್ಲಿ ನಿಂತಿದ್ದರು. ಕಂಪನಿಯನ್ನು ಮಾತ್ರ ಯಾರೂ ಬೈದಿರಲಿಲ್ಲ.

ಇವಳ ಮುಂದೆ ವಯಸ್ಸಾದ ಹೆಂಗಸೊಬ್ಬರಿದ್ದರು. ಅವರ ಗಾಡಿಗೆ ಮುಂದಿನ ಚಕ್ರವೇ ಇರಲಿಲ್ಲ. ಕೊರಳಿಗೆ ಕಾರ್ಡು ಹಾಕಿಕೊಂಡ ಸೂಪರ್‌ವೈಸರ್ ಕಂಪ್ಯೂಟರಿನಿಂದ ಕಣ್ಣೆತ್ತದೆ, ಗಾಡಿ ಯಾರ ಹೆಸರಲ್ಲಿದೆಯೋ ಅವರೇ ಬರಬೇಕಮ್ಮ, ಎಂದ.

"ಅವನು ಬರಲ್ಲಪ್ಪ."

"ಹಾಗಾದ್ರೆ ಅವರ ಫೋನಿಗೆ ಓಟಿಪಿ ಬರುತ್ತೆ, ಅದನ್ನ ಕೇಳಿ ಹೇಳಿ."

"ಫೋನೂ ಅವನ ಜೊತೇನೇ ಒಡೆದು ಹೋಯ್ತು," ಎಂದರು ಆ ಹೆಂಗಸು.

ಸೂಪರ್‌ವೈಸರ್ ಕಣ್ಣೆತ್ತಿದ. ಒಂದು ಗಳಿಗೆ ಅವನ ಮುಖದಲ್ಲೂ ಏನೋ ಆಡಿತು. ಆಮೇಲೆ, ಪಕ್ಕದಲ್ಲಿ ಕೂತಿರಿ ತಾಯಿ, ಮೇಲಿನವರನ್ನ ಕೇಳ್ತೀನಿ, ಎಂದು ಹೇಳಿ, ಮುಂದಿನವರು ಬನ್ನಿ, ಎಂದ. ಆ ಹೆಂಗಸು ಟಯರಿನ ರಾಶಿಯ ಮೇಲೆ ಕೂತರು. ಅವರಿಗೆ ಕುರ್ಚಿ ಬೇಕೆಂದು ಯಾರಿಗೂ ತೋಚಲಿಲ್ಲ.

ಮಾವ ಮುಂದೆ ಬಂದು ನಮಸ್ಕಾರ ಮಾಡಿ, ತಾವು ಬಸ್ಸು ಓಡಿಸಿದವರೆಂದು ಹೇಳಿಕೊಂಡರು. ಸೂಪರ್‌ವೈಸರ್ ಬಹಳ ಸಂತೋಷ ಎಂದು, ಗಾಡಿ ಓಡಿಸಿದವರು ಯಾರು ಎಂದು ಕೇಳಿದ. ಏನಾಯಿತು ಮೇಡಂ ಎಂದ.

"ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ," ಎಂದಳು ಸೊಸೆ. "ಬಿದ್ವಿ. ನಮ್ಮತ್ತೆ ಕೈ ಮುರೀತು."

ಅವನು ಫೋನು ಎತ್ತಿ ಮೇಲಿನ ಯಾರಿಗೋ ಹಚ್ಚಿದ. "ಸರ್, ಬಿದ್ದಿರೋ ಗಾಡಿ ಸರ್. ಲೇಡಿ ಓಡಿಸಿದ್ದು. ಬ್ರೇಕ್ ಹಿಡಿದಿಲ್ಲ ಅಂತ ಅವರೇ ಒಪ್ಕೊಳ್ತಿದಾರೆ. ಹೌದು ಸರ್. ಸವಾರರ ತಪ್ಪು ಅಂತ ಹಾಕ್ಕೊಳ್ತೀನಿ."

ಅದು ಅವಳು ಮನೆಯಲ್ಲಿ ಕೇಳಿ ಕೇಳಿ ಸವೆದಿದ್ದ ಮಾತು. ಆದರೆ ಮನೆಯವರದು ಕಿವಿಯ ತಪ್ಪು ಎಂದುಕೊಂಡಿದ್ದಳು. ಇವನು ಆ ರಬ್ಬರಿನ ವಿಷಯ ಗೊತ್ತಿದ್ದವನು. ಗೊತ್ತಿದ್ದೇ, ಅವಳ ಮಾತಿಗೆ ತನಗೆ ಬೇಕಾದ ಮುಖ ಹಚ್ಚಿ ಮೇಲೆ ಕಳಿಸಿದ್ದ.

"ನಾನು ಒಪ್ಕೊಂಡಿಲ್ಲ," ಎಂದಳು.

"ನೀವು ಹೇಳಿದ್ದೇ ಹೇಳಿದೀನಿ ಮೇಡಂ. ಹೊಸ ಪಾರ್ಟು ಫ್ರೀಯಾಗೇ ಹಾಕ್ಕೊಡ್ತೀವಿ. ಹ್ಯಾಂಡಲ್ಲು ನಿಮ್ಮ ಖರ್ಚು, ಅದು ಬಿದ್ದದ್ದಕ್ಕೆ ಆಗಿರೋದು."

"ಬಿದ್ದದ್ದು ಯಾತಕ್ಕೆ?"

"ನೋಡಿ ಮೇಡಂ, ಇದು ಬರೀ ಮುನ್ನೆಚ್ಚರಿಕೆ."

"ಯಾರಿಗಿಂತ ಮುನ್ನ? ನಾನು ಬಿದ್ದಾಗಿದೆ. ಅಲ್ಲಿ ಟಯರ್ ಮೇಲೆ ಕೂತಿರೋರ ಮಗ ಹೋಗಾಗಿದೆ. ಇನ್ನು ಯಾರಿಗಿಂತ ಮುನ್ನ?"

ಸೂಪರ್‌ವೈಸರ್ ಮಾವನ ಕಡೆ ನೋಡಿ ನಕ್ಕ, ಗಂಡಸರು ಗಂಡಸರನ್ನು ಸಹಾಯಕ್ಕೆ ಕರೆಯುವ ನಗೆ. "ಯಜಮಾನ್ರೇ, ನೀವು ಡ್ರೈವರ್ರು, ನಿಮಗೆ ಗೊತ್ತಿಲ್ಲದ್ದಾ. ಬ್ರೇಕ್ ಇಲ್ಲದ ಗಾಡಿ ಎಲ್ಲಿರುತ್ತೆ? ಬ್ರೇಕ್ ಮರೆಯೋರು ಇರ್ತಾರೆ, ಅಷ್ಟೆ."

ಮಾವ ನಗಲಿಲ್ಲ. ತಮ್ಮ ಮಾತು ಇನ್ನೊಬ್ಬನ ಬಾಯಿಂದ, ಅದೂ ಕಂಪನಿಯ ಅಂಗಿ ತೊಟ್ಟವನ ಬಾಯಿಂದ ಬಂದದ್ದನ್ನು ಕೇಳಿ ಅವರ ದವಡೆ ಒಂದೆರಡು ಸಲ ಆಡಿತು. ಏನೂ ಹೇಳದೆ ಅಂಗಳದಿಂದ ಹೊರಟುಹೋದರು. ಹೋಗಲಿ, ಇಷ್ಟೇ ಇವರ ಮಾತಾಡುವುದು, ಎಂದು ಸೊಸೆ ಅಂದುಕೊಂಡಳು.

ಅವಳು ಮೇಜಿನ ಮುಂದಿನಿಂದ ಕದಲಲಿಲ್ಲ. "ಮತ್ತೆ ಫೋನ್ ಮಾಡಿ. ಅವಳು ಹಿಡಿದಳು ಅಂತ ಒಂದು ಮಾತು. ಅದು ಹಿಡೀಲಿಲ್ಲ ಅಂತ ಇನ್ನೊಂದು ಮಾತು. ಎರಡೂ ಹೇಳಿ. ಅಲ್ಲೀವರೆಗೆ ನಾನೂ ಹೋಗಲ್ಲ, ಗಾಡೀನೂ ಹೋಗಲ್ಲ."

ಹಿಂದೆ ಬೇರೆಯವರಿದ್ದಾರೆ ಮೇಡಂ ಎಂದ ಅವನು. ಹಿಂದಿದ್ದ ಬ್ರೆಡ್ಡಿನವನು, ನಮಗೇನೂ ಅವಸರ ಇಲ್ಲ, ಎಂದ. ಮೇಷ್ಟ್ರು ಕರವಸ್ತ್ರ ಹಾಸಿ ನೆಲದ ಮೇಲೆ ಕೂತರು. ಅವಳು ಹಾಗಾದರೆ ಬಿಚ್ಚಿದ ಹಳೆಯ ಪಾರ್ಟು ತನಗೆ ಕೊಡಿ ಎಂದಳು. ಅದನ್ನು ಕೊಡುವ ಹಾಗಿಲ್ಲ, ಕಂಪನಿಗೆ ವಾಪಸ್ ಹೋಗಬೇಕು, ಅಲ್ಲಿ ಪರೀಕ್ಷೆ ಮಾಡುತ್ತಾರೆ.

"ಪರೀಕ್ಷೆ ಮಾಡಿ ಏನಾಗಿತ್ತು ಅಂತ ನಮಗೆ ಹೇಳ್ತಾರಾ?"

"ಅದು ಕಂಪನಿಯ ಒಳಗಿನ ವಿಷಯ ಮೇಡಂ."

"ನಮ್ಮತ್ತೆ ಮೂಳೇನೂ ಒಳಗೇ ಮುರಿದಿದ್ದು," ಎಂದಳು ಸೊಸೆ.

ಅಷ್ಟರಲ್ಲಿ ಮುಂಭಾಗದಿಂದ ಒಬ್ಬ ಹುಡುಗಿ ಓಡಿ ಬಂದು ಸೂಪರ್‌ವೈಸರ್ ಕಿವಿಯಲ್ಲಿ ಏನೋ ಹೇಳಿದಳು. ಅವನು ಎದ್ದು ಓಡಿದ. ಹಿಂದೆ ಇವರೆಲ್ಲರೂ ಹೋದರು, ಗಾಜಿನ ಬಾಗಿಲು ಯಾರೆಂದು ಕೇಳದೆ ತೆರೆದುಕೊಂಡಿತು. ಒಳಗೆ, ರಿಬ್ಬನ್ನು ಕಟ್ಟಿ ವೇದಿಕೆಯ ಮೇಲೆ ನಿಲ್ಲಿಸಿದ್ದ ಅತಿ ಹೊಸ ಗಾಡಿಯ ಮೇಲೆ, ಇಸ್ತ್ರಿಯ ಅಂಗಿಯ ಮಾವ ಬಸ್ಸಿನ ಸೀಟಿನಲ್ಲಿ ಕೂರುವಂತೆ ನೆಟ್ಟಗೆ ಕೂತಿದ್ದರು. ಮುಂದಿನ ಬ್ರೇಕನ್ನು ಅದುಮಿ ಬಿಡುತ್ತಿದ್ದರು, ಅದುಮಿ ಬಿಡುತ್ತಿದ್ದರು. ಗಾಡಿ ಕೊಳ್ಳಲು ಬಂದ ಗಂಡ ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

"ಇಳೀರಿ ಯಜಮಾನ್ರೇ, ಅದು ಡಿಸ್‌ಪ್ಲೇ, ಬರೀ ನೋಡೋಕೆ."

"ನಾನೂ ಬ್ರೇಕೇ ನೋಡ್ತಿರೋದು," ಎಂದರು ಮಾವ. "ಈಗ ಹಿಡೀತಿದೆ. ನಾನು ಅವತ್ತು ಹಿಡಿದಾಗಲೂ ಹೀಗೇ ಹಿಡೀತು. ಹಿಡಿದದ್ದು ನೋಡಿ ನಾನು ನನ್ನ ಮನೆ ಹುಡುಗಿಗೆ ನಾಲ್ಕು ಜನರ ಮುಂದೆ ಮಾತು ಅಂದೆ." ಅವರು ಆ ದಂಪತಿಗಳ ಕಡೆ ತಿರುಗಿದರು. "ಇಳಿಜಾರಲ್ಲಿ ಬಿಸಿ ಮಾಡಿ ನೋಡಿ ತಗೊಳ್ಳಿ. ಇಲ್ಲಿ ಏಸಿ ಇದೆ, ಇಲ್ಲಿ ಎಲ್ಲಾನೂ ಹಿಡೀತವೆ." ಆಮೇಲೆ ಸೂಪರ್‌ವೈಸರಿಗೆ, "ಅವಳು ಹೇಳಿದ ಎರಡು ಮಾತು ಫೋನಲ್ಲಿ ಹೇಳು. ನಾನು ಇಳೀತೀನಿ," ಎಂದರು.

ದಂಪತಿಗಳು ಮೆಲ್ಲಗೆ ಬಾಗಿಲ ಕಡೆ ಸರಿದರು. ಅದನ್ನು ನೋಡಿ ಸೂಪರ್‌ವೈಸರ್ ಫೋನು ತೆಗೆದ. ಎಲ್ಲರೂ ಕೇಳುವಂತೆ, ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಹೇಳಿದ: ಅವರು ಬ್ರೇಕ್ ಹಿಡಿದರಂತೆ ಸರ್, ಅದು ಹಿಡಿಯಲಿಲ್ಲವಂತೆ ಸರ್. 'ಅಂತೆ' ತೆಗಿ, ಎಂದರು ಮಾವ. ಅವನು ತೆಗೆದು ಹೇಳಿದ. ಆ ಕಡೆಯವರು ಸರಿ ಎಂದರೋ, ಆಕಳಿಸಿದರೋ ಯಾರಿಗೂ ಕೇಳಿಸಲಿಲ್ಲ. ಫೋನು ಕಟ್ಟಾಯಿತು.

ಅಷ್ಟೇ. ಅದರಾಚೆಗೆ ಕಂಪನಿಯಿಂದ ಏನೂ ಬರಲಿಲ್ಲ. ಹೊಸ ರಬ್ಬರು ಹಾಕಿದರು, ಹಳೆಯದನ್ನು ಚೀಲದಲ್ಲಿ ಹಾಕಿ ಇಟ್ಟುಕೊಂಡರು. ಹ್ಯಾಂಡಲ್ಲನ್ನು ಗಂಡ ಪರಿಚಯದ ವೆಲ್ಡಿಂಗಿನವನ ಹತ್ತಿರ ನೇರ ಮಾಡಿಸಿದ. ಇವರು ಹೊರಡುವಾಗಲೂ ಆ ವಯಸ್ಸಾದ ಹೆಂಗಸು ಟಯರುಗಳ ಮೇಲೆಯೇ ಕೂತಿದ್ದರು, ಮೇಲಿನವರು ಇನ್ನೂ ಏನೂ ಹೇಳಿರಲಿಲ್ಲ. ಸೊಸೆ ತಾನು ತಂದಿದ್ದ ನೀರಿನ ಬಾಟಲಿಯನ್ನು ಅವರ ಪಕ್ಕದಲ್ಲಿಟ್ಟು ಬಂದಳು. ಅದಕ್ಕಿಂತ ಹೆಚ್ಚು ಏನು ಮಾಡುವುದೆಂದು ಗೊತ್ತಾಗಲಿಲ್ಲ, ಅದಕ್ಕೇ ದಾರಿಯುದ್ದಕ್ಕೂ ಸಿಟ್ಟು ಇಳಿಯಲಿಲ್ಲ. ಮರುದಿನ ಗಂಡನ ಫೋನಿಗೆ ಒಂದು ಮೆಸೇಜು ಬಂತು: ನಿಮ್ಮ ಅನುಭವ ಹೇಗಿತ್ತು, ದಯವಿಟ್ಟು ನಕ್ಷತ್ರ ಕೊಡಿ. ಈ ಸಲ ಅವನು ಅಳಿಸದೆ ತಂದು ಹೆಂಡತಿಗೆ ತೋರಿಸಿದ. ಅವಳೇ ಅಳಿಸಿದಳು.

ಶೋರೂಮಿನಿಂದ ಬಂದ ದಿನ ಮಾವ ಚಹಾಕ್ಕೂ ಕಾಯದೆ ಹೆಂಡತಿಯ ಮಂಚದ ಬಳಿ ನಿಂತು, ತಪ್ಪು ಗಾಡಿಯದೇ ಕಣೇ, ನಾನೂ ತಿಳಿಯದೆ ಮಾತಾಡಿದೆ, ಎಂದಿದ್ದರು. ಅತ್ತೆ ಬಹಳ ಹೊತ್ತು ಪ್ಲಾಸ್ಟರಿನ ಅಂಚು ಕೆರೆದರು.

"ಇರಬಹುದು. ಆದ್ರೆ ಅವತ್ತು ಅವಳು ಹೇಳಿದ್ದು ಹಾಗೇನೇ. ನಾನೇನೂ ಹುಟ್ಟಿಸಿಕೊಂಡು ಹೇಳಿಲ್ಲ."

ಸೊಸೆ ತಟ್ಟೆ ಹಿಡಿದು ಬಂದವಳು ಕೂರಲಿಲ್ಲ. "ಕಂಪನಿಯವರು ಎಷ್ಟು ನಾಚಿಕೆಗೆಟ್ಟೋರಾದ್ರೂ ಬಿಟ್ಟ ಗಾಡೀನ ಮನೆಮನೆಯಿಂದ ವಾಪಸ್ ಕರೆಸ್ಕೊಂಡ್ರು ಅತ್ತೆ. ನೀವು ಬಿಟ್ಟ ಮಾತು ಎಷ್ಟು ಮನೆಗೆ ಹೋಗಿದೆ, ನಿಮಗೇ ಗೊತ್ತು. ಅದನ್ನ ಯಾರು ಕರೆಸ್ಕೋಬೇಕು?"

"ನನ್ನ ಕೈ ಮುರ್ಕೊಂಡಿದೀನಿ, ನನಗೇ ಬುದ್ಧಿ ಹೇಳ್ತೀಯಾ?"

"ಕೈ ಮುರಿದಿದ್ದು ಅವರು. ನನ್ನ ಮಾತು ಮುರಿದಿದ್ದು ನೀವು."

ಅತ್ತೆ ಆ ಸಂಜೆ ತಟ್ಟೆಯನ್ನು ತಾವೇ ಎಳೆದುಕೊಂಡು ಎಡಗೈಯಲ್ಲಿ ಉಂಡರು. ಮಡಿಲ ತುಂಬ ಅನ್ನ ಬಿತ್ತು. ಸೊಸೆ ನೋಡಿಕೊಂಡೇ ಕೂತಳು, ಕೈ ಚಾಚಲಿಲ್ಲ. ಉಂಡಾದ ಮೇಲೆ ಮಡಿಲಿನದನ್ನು ಒರೆಸಿ ಹೊರಗೆ ಕೋಳಿಗಳಿಗೆ ಹಾಕಿದಳು. ಹಾಗೇ ದಿನಗಳು ಹೋದವು. ಮನೆಯಲ್ಲಿ ಉಪ್ಪು ಎಲ್ಲಿ, ಬಿಸಿನೀರು ಆಯಿತಾ, ಇಷ್ಟೇ ಮಾತು. ಗಂಡ ಎರಡು ಕಡೆಯೂ ಅಳತೆ ತೆಗೆದು, ಎಲ್ಲಿಯೂ ಕೊಯ್ಯುವ ಧೈರ್ಯವಿಲ್ಲದೆ ಸುಮ್ಮನಿದ್ದ. ಸೊಸೆ ಮತ್ತೆ ಗಾಡಿಯಲ್ಲಿ ಮೊಟ್ಟೆ ಒಯ್ಯತೊಡಗಿದಳು. ಬೇಕರಿಯವನು, ಬಂದ್ಯಾ, ಆ ಇನ್ನೊಬ್ಬನ ಮೊಟ್ಟೆಯಲ್ಲಿ ಅರ್ಧ ನೀರು, ಎಂದ. ಇಟ್ಟಿಗೆ ಗೂಡಿನ ಇಳಿಜಾರಿನಲ್ಲಿ ಅವಳ ಬೆರಳುಗಳು ಮೇಲಿನಿಂದಲೇ ಲಿವರಿನ ಮೇಲೆ ಇರುತ್ತಿದ್ದವು. ಹಿಡಿಯುತ್ತಿತ್ತು. ಆದರೂ ನಂಬಿಕೆ ಹೊಸ ರಬ್ಬರಿನ ಜೊತೆ ಬಂದಿರಲಿಲ್ಲ.

ಈ ನಡುವೆ ನೋಡಲು ಬಂದವರಿಗೆ ಅತ್ತೆ ಕತೆ ಹೇಳುವುದನ್ನು ನಿಲ್ಲಿಸಿದ್ದರು. ಕೇಳಿದರೆ, ಏನೋ ಆಯ್ತು ಬಿಡಿ, ಎನ್ನುತ್ತಿದ್ದರು. ಹೇಳದಿರುವುದು ವಾಪಸ್ ತೆಗೆದುಕೊಂಡಂತಲ್ಲ ಎಂದು ಸೊಸೆಗೆ ಗೊತ್ತಿತ್ತು. ಅತ್ತೆಗೂ ಗೊತ್ತಿದ್ದಿರಬೇಕು.

ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದ ಕೈ ತೆಳ್ಳಗೆ, ಬೆಳ್ಳಗೆ, ಬೇರೆ ಯಾರದೋ ಕೈಯಂತಿತ್ತು. ಅತ್ತೆ ಅದರಲ್ಲಿ ಚಮಚ ಹಿಡಿದು ನೋಡಿದರು, ಜಾರಿ ಬಿತ್ತು. ಸೊಸೆ ಎತ್ತಿ ಕೊಟ್ಟಳು. ಮತ್ತೆ ಜಾರಿತು.

"ನಾನು ಹಿಡೀತಿದೀನಿ," ಎಂದರು ಅತ್ತೆ ಕೈಯನ್ನೇ ನೋಡುತ್ತ. "ಇದು ಹಿಡೀತಿಲ್ಲ."

ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿ ಏನೋ ಹೇಳಲು ಹೊರಟಳು. ಅಜ್ಜ ಕಣ್ಣಲ್ಲೇ ತಡೆದರು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಸೊಸೆ ಟ್ರೇಗಳನ್ನು ಕಟ್ಟಿ ಗಾಡಿ ಹೊರಗೆ ತೆಗೆಯುವಾಗ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನನ್ನ ತಂಗಿ ಮನೆಗೆ ಬಿಡ್ತೀಯಾ?"

ಆ ತಂಗಿ ಪಕ್ಕದ ಹಳ್ಳಿಯವರು. ಅವರ ಕಿವಿಗೆ ಬಿದ್ದದ್ದು ಆ ಹಳ್ಳಿಗೆಲ್ಲ ಬಿದ್ದಂತೆ. ಮೊಟ್ಟೆಯವಳು ಅತ್ತೆಯನ್ನು ಬೇಕೆಂದೇ ಕೆಡವಿದಳು ಎಂಬವರೆಗೂ ಕತೆ ಅಲ್ಲಿ ಬೆಳೆದಿತ್ತು. ಸೊಸೆ ಬಸ್ಸಿದೆಯಲ್ಲ ಎನ್ನಲು ಬಾಯಿ ತೆರೆದವಳು ಮುಚ್ಚಿದಳು. ಟ್ರೇಗಳನ್ನು ಬಿಚ್ಚಿ ಒಳಗಿಟ್ಟಳು.

ಅತ್ತೆ ಹಿಂದೆ ಕೂತರು. ಸಣಕಲು ಕೈ ಸೊಸೆಯ ಭುಜದ ಮೇಲೆ ಬಂತು, ಭಾರವೇ ಇರಲಿಲ್ಲ. ಇಳಿಜಾರು ಬಂದಾಗ ಆ ಕೈ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿಯಲು ನೋಡಿತು, ಆಗಲಿಲ್ಲ, ಮತ್ತೆ ನೋಡಿತು. ತಿರುವಿನಲ್ಲಿ ಸ್ವಲ್ಪ ಜಲ್ಲಿ ಇನ್ನೂ ಬಿದ್ದಿತ್ತು. ಸೊಸೆ ನಿಧಾನವಾಗಿ ಅದುಮಿದಳು.

"ಹಿಡೀತಾ?" ಎಂದರು ಅತ್ತೆ.

"ಹಿಡೀತು."

ತಂಗಿ ಗಾಡಿಯ ಸದ್ದಿಗೇ ಹೊರಗೆ ಬಂದರು, ಕೈಯಲ್ಲಿ ತೊಳೆಯುತ್ತಿದ್ದ ಪಾತ್ರೆ. ಇಬ್ಬರನ್ನೂ ಒಂದೇ ಗಾಡಿಯ ಮೇಲೆ ಕಂಡು ಕಣ್ಣರಳಿಸಿದರು. ಅಕ್ಕನಿಗೆ ಇಷ್ಟಾದರೂ ಬುದ್ಧಿ ಬಂದಿಲ್ಲವಲ್ಲ, ಮತ್ತೆ ಇವಳ ಹಿಂದೆ ಕೂತು ಬಂದೆಯಾ, ಎಂದು ಸೊಸೆಯ ಎದುರಿಗೇ ಕೇಳಿದರು. ಅಕ್ಕಪಕ್ಕದ ಬಾಗಿಲುಗಳಲ್ಲಿ ಒಂದೆರಡು ತಲೆಗಳು ಕಂಡವು. ಇಳಿ, ಒಳಗೆ ಬಾ, ಚಹಾ ಇಡ್ತೀನಿ, ಎಂದರು.

ಅತ್ತೆ ಇಳಿಯಲಿಲ್ಲ. ಆ ಬಾಗಿಲುಗಳಿಗೂ ಕೇಳುವಷ್ಟು ದನಿಯೇರಿಸಿ ಹೇಳಿದರು:

"ಅವತ್ತು ಇವಳು ಬ್ರೇಕ್ ಹಿಡಿದ್ಲು. ಅದು ಹಿಡೀಲಿಲ್ಲ. ನಾನು ನಿನಗೆ ತಪ್ಪು ಹೇಳಿದ್ದೆ, ಆ ಮಾತು ನನಗೆ ವಾಪಸ್ ಬೇಕು. ನೀನು ಯಾರ್ಯಾರಿಗೆ ಹೇಳಿದೀಯೋ ಅವರ ಹತ್ರಾನೂ ಹೋಗಿ ಈಸ್ಕೊಂಡು ಬಾ."

ತಂಗಿ ಅಕ್ಕಪಕ್ಕದ ಬಾಗಿಲುಗಳ ಕಡೆ ನೋಡಿದರು. "ಅದನ್ನ ಒಳಗೆ ಕೂತು ಹೇಳಬಾರದಾ? ಚಹಾ ಇಡ್ತೀನಿ ಅಂದ್ನಲ್ಲ."

"ಚಹಾ ಬೇಡ," ಎಂದರು ಅತ್ತೆ. "ಇನ್ನೂ ಬಹಳ ಮನೆಗಳಿವೆ."

ಸೊಸೆ ಎಂಜಿನ್ ಆರಿಸಿರಲಿಲ್ಲ.